ಹಿತ್ತಲ ಮರಗೆಲಸಕ್ಕೆ ಬಳ್ಳಾರಿ ಜಾಲಿ

ಹಿತ್ತಲಲ್ಲಿ ಒಂದು ಗರಗಸ, ಎರಡು ಉಳಿ, ಒಂದು ಕೀಸುಳಿ ಇರಿಸಿಕೊಂಡು ಮಣೆ, ಸ್ಟೂಲು, ಪುಸ್ತಕದ ಹಲಗೆಗಳನ್ನು ತಾವೇ ಮಾಡಿಕೊಳ್ಳುವವರು ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಇದ್ದಾರೆ. ಮೆಚ್ಚತಕ್ಕ ಹವ್ಯಾಸವೇ ಸರಿ. ಆದರೆ ಅದಕ್ಕೆ ಬೇಕಾದ ಮರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಕಲಬುರಗಿಯ ಕಟ್ಟಿಗೆ ಅಡ್ಡೆಗೆ ಹೋದವನು ತೇಗ ಕೇಳುತ್ತಾನೆ. ಬೆಲೆ ಕೇಳಿ ಬೆದರಿ ಪ್ಲೈವುಡ್ ತರುತ್ತಾನೆ. ಅದೇ ನಗರದಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದತ್ತ ಹೊರಟರೆ ರಸ್ತೆಯಂಚಿನಲ್ಲಿ, ಹಳ್ಳದ ದಡದಲ್ಲಿ, ಬೀಳು ಬಿದ್ದ ಹೊಲದಲ್ಲಿ ಬಳ್ಳಾರಿ ಜಾಲಿ ತಾನೇ ತಾನಾಗಿ ನಿಂತಿದೆ. ಅದನ್ನು ಕಡಿದವರು ಒಲೆಗೆ ಹಾಕುತ್ತಾರೆ, ಇಲ್ಲವೇ ಇದ್ದಿಲು ಸುಡುತ್ತಾರೆ. ಸಣ್ಣ ಮರಗೆಲಸಕ್ಕೆ ಇದಕ್ಕಿಂತ ಯೋಗ್ಯವಾದ ಮರ ಆ ಸೀಮೆಯಲ್ಲಿ ಸುಲಭವಾಗಿ ಸಿಗುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಮರದ ಹುಟ್ಟೂರು ನಮ್ಮದಲ್ಲ. ಅಮೆರಿಕ ಖಂಡದಿಂದ ಬಂದ ಇದರ ಬೀಜವನ್ನು 1870ರ ದಶಕದ ಕೊನೆಯಲ್ಲಿ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಗಳು ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. (ನಮ್ಮ ಕಮಲಾಪುರಕ್ಕೂ ಅದಕ್ಕೂ ಹೆಸರಿನ ಹೋಲಿಕೆಯಷ್ಟೇ.) ಬರಡು ನೆಲಕ್ಕೆ ಹಸಿರು, ಬಡವರಿಗೆ ಸೌದೆ ಎಂಬುದು ಅಂದಿನ ಲೆಕ್ಕ. ಸೌದೆ ದೊರೆಯಿತು, ಅದರೊಂದಿಗೆ ಗೋಮಾಳಗಳೂ ಕೆರೆಯಂಗಳಗಳೂ ಮುಳ್ಳಿನ ಪಾಲಾದವು. ಸಿಹಿಯಾದ ಕಾಯಿಯನ್ನು ಆಡು, ದನಗಳು ತಿನ್ನುತ್ತವೆ, ಬೀಜ ಸಗಣಿಯೊಡನೆ ಊರೆಲ್ಲ ಹರಡುತ್ತದೆ. ಇಂತಹ ಗಿಡವನ್ನು ನಾಲ್ಕು ಬೈಗುಳದಿಂದ ಓಡಿಸಲಾಗದು.

ಇದರ ಮರದ ಗುಣವನ್ನು ನೋಡೋಣ. ಹೊರಗಿನ ಎಳೆಮರ ತಿಳಿಹಳದಿ. ಅದನ್ನು ಹುಳು ಬೇಗ ಕೊರೆಯುತ್ತದೆ, ಆದುದರಿಂದ ಕೆತ್ತಿ ತೆಗೆಯತಕ್ಕದ್ದು. ಒಳಗಿನ ಕೆಂಗಂದು ತಿರುಳು ಗಟ್ಟಿ, ಭಾರ, ಬಾಳಿಕೆಯುಳ್ಳದ್ದು. ಎಲ್ಲಕ್ಕಿಂತ ಮುಖ್ಯವಾದುದು ಒಣಗುವಾಗ ಇದು ತೋರುವ ಸಂಯಮ. ಅನೇಕ ಗಡಸು ಮರಗಳು ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಗಾತ್ರದಲ್ಲಿ ಶೇ. 10ರಿಂದ 15ರಷ್ಟು ಕುಗ್ಗುತ್ತವೆ. ಬಳ್ಳಾರಿ ಜಾಲಿಯ ಸೋದರ ಜಾತಿಯಾದ ಟೆಕ್ಸಾಸಿನ ಮೆಸ್ಕೀಟ್ ಕುಗ್ಗುವುದು ಶೇ. 5ಕ್ಕಿಂತ ಕಡಿಮೆ. ಅಲ್ಲಿ ಅದರಿಂದ ಮೇಜು, ಕುರ್ಚಿ, ನೆಲದ ಹಾಸುಗಳನ್ನು ಮಾಡಿ ಒಳ್ಳೆಯ ಬೆಲೆಗೆ ಮಾರುತ್ತಾರೆ. ನಾವು ಸುಟ್ಟು ಬೂದಿ ಮಾಡುತ್ತೇವೆ.

ದೋಷಗಳೂ ಇವೆ. ಬೊಡ್ಡೆ ಡೊಂಕು, ಕವಲು ಹೆಚ್ಚು, ಉದ್ದನೆಯ ಹಲಗೆ ಸಿಗದು. ಬಾಗಿಲು ಚೌಕಟ್ಟು ಮಾಡುವವನಿಗೆ ಇದು ಕೊರತೆಯೇ ಹೌದು. ಆದರೆ ಹಿತ್ತಲ ಮರಗೆಲಸದವನಿಗೆ ಬೇಕಾದುದು ಒಂದೆರಡು ಅಡಿಯ ತುಂಡುಗಳು: ಕುಡುಗೋಲಿನ ಹಿಡಿ, ಕೊಡತಿ, ಲಟ್ಟಣಿಗೆ, ಮಣೆ, ಸ್ಟೂಲಿನ ಕಾಲು. ಕಮಲಾಪುರದ ಕೆಂಪು ಬಾಳೆಯ ತೋಟದವರಿಗಂತೂ ಈ ಕವಲೇ ವರ. ಎತ್ತರಕ್ಕೆ ಬೆಳೆಯುವ ಆ ಬಾಳೆಗೆ ಗೊನೆಯ ಭಾರಕ್ಕೆ ಕವಲುಗೋಲಿನ ಆಸರೆ ಬೇಕಾಗುತ್ತದೆ. ಮುಳ್ಳು ಕೈಗೆ ನಟ್ಟರೆ ಕೀವು ಕಟ್ಟುತ್ತದೆ. ದಪ್ಪ ಕೈಚೀಲ, ಗಟ್ಟಿ ಅಟ್ಟೆಯ ಬೂಟು ಇಲ್ಲದೆ ಇಳಿಯಬಾರದು. ಉಜ್ಜುವಾಗ ಏಳುವ ಧೂಳಿಗೆ ಮೂಗು ಬಾಯಿ ಮುಚ್ಚಿಕೊಳ್ಳಬೇಕು.

ಒಣಗಿಸುವ ವಿಷಯದಲ್ಲಿ ಮಲೆನಾಡಿನ ಓದುಗರಿಗೂ ಕೆಲಸಕ್ಕೆ ಬರುವ ಮಾತೊಂದುಂಟು. ಮರ ಸುತ್ತಲಿನ ಗಾಳಿಗೆ ತಕ್ಕಂತೆ ನೀರನ್ನು ಹೀರುತ್ತ ಬಿಡುತ್ತ ಇರುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ಅದರೊಳಗಿನ ತೇವ ಶೇ. 20ರ ಸಮೀಪಕ್ಕೆ ಏರಬಹುದು; 40 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ಶೇ. 5 ಅಥವಾ 6ಕ್ಕೆ ಇಳಿಯಬಹುದು. ಇಲ್ಲಿ ಮಳೆಗಾಲದಲ್ಲಿ ಬಿಗಿಯಾಗಿ ಕೂಡಿಸಿದ ಹಲಸಿನ ಪೆಟ್ಟಿಗೆ ಅಲ್ಲಿ ಸಂದುಬಿಟ್ಟರೆ ಬಡಗಿಯನ್ನು ದೂರುವುದು ನ್ಯಾಯವಲ್ಲ. ಬಯಲುಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ ಕಷ್ಟ: ಮರ ಅತಿ ಬೇಗ ಒಣಗಿ ತುದಿಯಲ್ಲಿ ಸೀಳುತ್ತದೆ. ಕಡಿದ ದಿನವೇ ಎರಡೂ ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ನೆರಳಿನಲ್ಲಿ, ಹಲಗೆ ಹಲಗೆಯ ನಡುವೆ ಕಡ್ಡಿ ಇಟ್ಟು ಒಟ್ಟಬೇಕು.

ಇದನ್ನೆಲ್ಲ ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಆ ಸೀಮೆಯ ಬಡಿಗೇರರು ಕರಿಜಾಲಿಯಿಂದ ನೇಗಿಲು, ಕುಂಟೆ, ಕೂರಿಗೆ, ಬಂಡಿಯ ಗಾಲಿಗಳನ್ನು ಮಾಡಿ ವರ್ಷಕ್ಕೊಮ್ಮೆ ಕಣದಲ್ಲಿ ಆಯ ಪಡೆಯುತ್ತಿದ್ದವರು. ಕಬ್ಬಿಣದ ಕೂರಿಗೆಯೂ ಟ್ರ್ಯಾಕ್ಟರೂ ಬಂದ ಮೇಲೆ ಆ ವಿದ್ಯೆ ಮುದುಕರ ಕೈಯಲ್ಲಿ ಉಳಿಯಿತು. ಮೊಳೆಯಿಲ್ಲದೆ ಬೆಣೆ ಹೊಡೆದು ಬಿಗಿ ಮಾಡುವ ಅವರ ಕೂಡಿಕೆ ಮೊಳೆಯನ್ನು ಸೀಳಿಲ್ಲದೆ ಒಳಬಿಡದ ಗಡಸು ಜಾಲಿಗೆ ಹೇಳಿ ಮಾಡಿಸಿದಂತಿದೆ. ಕಲಬುರಗಿಯ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ವಾರ ಅಂತಹ ಹಿರಿಯರ ಬಳಿ ಕುಳಿತರೆ ಒಂದು ವರ್ಷದ ಪಾಠಕ್ಕೆ ಸಮ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಸೌದೆ, ಇದ್ದಿಲನ್ನು ನಂಬಿದ ಬಡವರ ಗತಿಯೇನು ಎಂಬುದು ಒಂದು. ಮಣೆಗೆ ಬೇಕಾದುದು ಗೇಣು ದಪ್ಪದ ಬೊಡ್ಡೆ ಮಾತ್ರ. ಕೊಂಬೆಗಳೆಲ್ಲ ಒಲೆಗೇ ಉಳಿಯುತ್ತವೆ, ತೊಗರಿಕಟ್ಟಿಗೆಯೂ ಇದೆ. ಬೊಡ್ಡೆಗೆ ಸೌದೆಗಿಂತ ಹೆಚ್ಚು ಬೆಲೆ ಬಂದರೆ ಕಡಿಯುವವನಿಗೇ ಲಾಭ. ಎರಡನೆಯದು ನನಗೂ ಅಳುಕು ಹುಟ್ಟಿಸುವಂಥದು: ಬೆಲೆ ಬಂದೊಡನೆ ಯಾರಾದರೂ ಇದನ್ನು ಬೆಳೆಸತೊಡಗಿದರೆ? ಅದಕ್ಕೆ ಎಳ್ಳಷ್ಟೂ ಅವಕಾಶ ಕೊಡಬಾರದು. ನೆಲದ ಮಟ್ಟಕ್ಕೆ ಕಡಿದರೆ ಒಂದರ ಬದಲು ಹತ್ತು ಚಿಗುರುತ್ತವೆ. ಸುಮಾರು ಒಂದು ಅಡಿ ಆಳದಲ್ಲಿ ಬೇರನ್ನು ಕತ್ತರಿಸಿ ಬುಡವನ್ನೇ ಕೀಳಬೇಕು, ಆ ಜಾಗದಲ್ಲಿ ಬೇವು, ಹೊಂಗೆಗಳನ್ನು ನೆಡಬೇಕು.

ಕಾನೂನಿನ ತೊಡಕೂ ಹೆಚ್ಚಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕಡಿಯಲು ಅನುಮತಿ ಬೇಡವೆಂದು ಹೇಳಿದ ಮರಗಳಲ್ಲಿ ಬಳ್ಳಾರಿ ಜಾಲಿಯೂ ಸೇರಿದೆ. ಅರಣ್ಯಭೂಮಿ, ಸರ್ಕಾರಿ ಭೂಮಿಗಳ ಮಾತು ಬೇರೆ. ಅಲ್ಲಿ ಕೇಳದೆ ಕೊಡಲಿ ಎತ್ತುವಂತಿಲ್ಲ.

ಕಳೆಯನ್ನು ಕಸುಬಾಗಿಸುವುದು ಹೊಸ ಸಂಗತಿಯೇನಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ 2004ರಿಂದ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರೇ ಮೊದಲಾದ ಬೆಟ್ಟದ ಜನರು ಬಿದಿರಿನ ಬದಲು ಲಂಟಾನದಿಂದ ಬುಟ್ಟಿ, ಪೀಠೋಪಕರಣಗಳನ್ನು ಮಾಡುತ್ತ ಬಂದರು. ನಮ್ಮ ಘಟ್ಟದಲ್ಲಿ ಅಕೇಶಿಯಾ ನೆಡುತೋಪುಗಳ ವಿರುದ್ಧ ಘೋಷಣೆ ಕೂಗಿದ ನಾವೇ ಮನೆಯ ಮೇಜಿಗೆ ಬೀಟೆ ಹುಡುಕುತ್ತೇವೆ. ಇದು ಸಲ್ಲದು.

ಕಲಬುರಗಿ, ಕಮಲಾಪುರಗಳಲ್ಲಿ ಆಗಬೇಕಾದ ಕೆಲಸ ಚಿಕ್ಕದು. ಕೆರೆ, ಹಳ್ಳಗಳ ಜಾಲಿ ತೆಗೆಸುವಾಗ ಗ್ರಾಮ ಪಂಚಾಯಿತಿಗಳು ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಲಿ: ಗೇಣಿಗಿಂತ ದಪ್ಪನೆಯ ಬೊಡ್ಡೆಗಳನ್ನು ಸುಡದೆ, ಎರಡು ಅಡಿಯ ತುಂಡುಗಳಾಗಿ ಕೊಯ್ದು, ಊರಿನ ಬಡಿಗೇರರಿಗೂ ಶಾಲೆಗಳಿಗೂ ಮೊದಲು ಕೊಡತಕ್ಕದ್ದು.