ಜಂಪರ್ ವಯರ್ ಅಂದರೆ ಸಸ್ಪೆನ್ಸ್ ಅಕೌಂಟ್

(1/3)

ಮೊದಲ ಫೋಟೋದಲ್ಲಿರುವ ಕೆಂಪು ವಯರ್ ನೋಡಿ. ಅರ್ಧ ಗೇಣು ಕೂಡ ಇಲ್ಲ. ಬಂಟ್ವಾಳದಲ್ಲಿ ನಮ್ಮ ಮಾವನ ವರ್ಕ್‌ಶಾಪಿನ ಪ್ಯಾನೆಲ್ ಬೋರ್ಡಿನೊಳಗೆ ಇದು 11 ದಿನ ಇತ್ತು. 12ನೇ ದಿನ ಲೇತಿನ ಟೂಲ್ ಸೀದಾ ಹೋಗಿ ತಿರುಗುವ ಚಕ್‌ಗೆ ಬಡಿಯಿತು. ಇನ್‌ಸರ್ಟ್ ತುಂಡಾಗಿ ಎದುರಿನ ಗೋಡೆಗೆ ಸಿಡಿಯಿತು. ಅಲ್ಲಿ ಕೂತು ಕೆಲಸ ಮಾಡುವ ಹುಡುಗ ಆಗಷ್ಟೇ ಚಹಾ ತರಲು ಎದ್ದಿದ್ದ.

ಬಿಕಾಂ ಓದುವವರಿಗೆ ಲೇತಿನ ಸುದ್ದಿ ಎಂತಕ್ಕೆ ಅಂತ ಮೂಡುಬಿದಿರೆಯ ಕ್ಲಾಸ್‌ಮೇಟ್ಸ್ ಕೇಳ್ತಾರೆ. ಮಾವನ ಲೆಕ್ಕ ಬರೆಯುವುದು ನಾನು ಮಾರಾಯ್ರೆ. ಲೇತ್ ನಿಂತರೆ ಮೊದಲು ಗೊತ್ತಾಗುವುದು ನನ್ನ ಪುಸ್ತಕಕ್ಕೆ.

ಲೇತ್ ಹರಿಹರದ್ದು, ಮೈಸೂರು ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಕಂಪೆನಿ. ಇವತ್ತು ಆ ಫ್ಯಾಕ್ಟರಿ ಇಲ್ಲ, ಲೇತ್ ಮಾತ್ರ ಇನ್ನೂ ಉಂಟು. "ಗುಜರಿಗೆ ಹಾಕಿ ಹೊಸ ಸಿಎನ್‌ಸಿ ತಗೊಳ್ಳಿ" ಅಂದವರು ತುಂಬ ಜನ. ಆದರೆ ಬೀಡು ಕಬ್ಬಿಣದ ಆ ಬೆಡ್ ಗಟ್ಟಿಯಾಗಿಯೇ ಉಂಟು, ಹೊಸದರ ಸಾಲ ತೀರಿಸುವ ತಾಕತ್ತು ನಮಗಿಲ್ಲ. ಹಾಗಾಗಿ ಹಳೆಯದಕ್ಕೇ ಎರಡು ಮೋಟಾರು, ಬಾಲ್ ಸ್ಕ್ರೂ, ಕಂಟ್ರೋಲರ್ ಕೂರಿಸಿದ್ದು. ಸ್ಪಿಂಡಲ್ ಮೋಟಾರಿನ ಸ್ಪೀಡ್ ಹೆಚ್ಚುಕಮ್ಮಿ ಮಾಡಲು ಒಂದು ವಿಎಫ್‌ಡಿ. ಇದರಲ್ಲಿ ತಪ್ಪು ಎಂತದೂ ಇಲ್ಲ, ಈಗಲೂ ನನ್ನ ಅಭಿಪ್ರಾಯ ಅದೇ.

(2/3)

ತೊಂದರೆ ಶುರುವಾದದ್ದು ಹೀಗೆ. ಸ್ಪಿಂಡಲ್ ಆಫ್ ಇದ್ದಾಗ ಎಲ್ಲವೂ ಸರಿ. ಸ್ಪಿಂಡಲ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ಸ್ಕ್ರೀನಿನಲ್ಲಿ "ಲಿಮಿಟ್" ಅಂತ ಅಲಾರಂ, ಮಿಶಿನ್ ನಿಲ್ತದೆ. ಟೂಲ್ ಹೊತ್ತ ಕ್ಯಾರೇಜ್ ನೋಡಿದರೆ ಬೆಡ್ಡಿನ ಮಧ್ಯದಲ್ಲಿ! ಲಿಮಿಟ್ ಸ್ವಿಚ್ ಅಂದರೆ ಕ್ಯಾರೇಜ್ ಗಡಿ ದಾಟುವ ಮೊದಲು ಮಿಶಿನ್ ನಿಲ್ಲಿಸುವ ಕಾವಲುಗಾರ. ಯಾರೂ ಗಡಿ ಹತ್ತಿರ ಬರದೆ ಕಾವಲುಗಾರ ಬೊಬ್ಬೆ ಹೊಡೀತಿದ್ದ.

ಕಟ್ಟಿಕೊಟ್ಟವರಿಗೆ ಫೋನ್ ಮಾಡಿದರೆ ಸ್ವಿಚ್ ಬದಲಿಸಿ ಅಂದರು. ಬದಲಿಸಿದೆವು. ಆಮೇಲೆ ಪವರ್ ಸಪ್ಲೈ. ಆಮೇಲೆ ಕಂಟ್ರೋಲರ್ ಬೋರ್ಡೇ ಹೊಸದು. ಮೂರು ಬಿಲ್, ಮೂರೂ ನಾನೇ ಎಂಟ್ರಿ ಹಾಕಿದ್ದು, ಅಲಾರಂ ಮಾತ್ರ ಹಾಗೆಯೇ. ಅತ್ತ ಬೆಳ್ತಂಗಡಿಯಿಂದ ರಬ್ಬರ್ ಶೀಟ್ ಮಿಶಿನಿನ ರೋಲರ್ ಆರ್ಡರ್ ಬಂದು ಕೂತಿತ್ತು. ಕೊನೆಗೆ ಮಾವ ಬೋರ್ಡಿನ ಹತ್ತಿರವೇ ಲಿಮಿಟ್ ಸ್ವಿಚ್ಚಿನ ಎರಡು ಟರ್ಮಿನಲ್‌ಗೆ ಈ ಕೆಂಪು ವಯರ್ ಸಿಕ್ಕಿಸಿದರು. ಅಲಾರಂ ಮಾಯ. ಎಲ್ಲರಿಗೂ ಖುಷಿ, ನನಗೂ.

ಆ 12ನೇ ದಿನ ಕರೆಂಟ್ ಹೋಗಿ ಬಂತು. ಇಂಥ ಮೋಟಾರಿಗೆ ತಾನು ಎಲ್ಲಿದ್ದೆ ಅಂತ ನೆನಪಿರುವುದಿಲ್ಲ, ಮೊದಲು ಹೋಮ್ ಮಾಡಬೇಕು. ಹುಡುಗ ಮರೆತ, ಸೀದಾ ಸ್ಟಾರ್ಟ್ ಒತ್ತಿ ಎದ್ದ. ತಡೆಯಬೇಕಾದ ಸ್ವಿಚ್ಚಿನ ಬಾಯಿಗೆ ನಾವು ಬಟ್ಟೆ ತುರುಕಿದ್ದೆವು.

ಆಮೇಲೆ ಬಂದವರು ಒಬ್ಬರು ಹಿರಿಯ ಎಲೆಕ್ಟ್ರಿಷಿಯನ್. ಬ್ಯಾಗ್ ತೆರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ, "ಯಾವಾಗ ಬರ್ತದೆ?" ಸ್ಪಿಂಡಲ್ ತಿರುಗುವಾಗ ಮಾತ್ರ ಅಂದೆವು. ಅವರು ಮೈನ್ ಆಫ್ ಮಾಡಿ ಸುಮ್ಮನೆ ಕೂತರು. ಆಫ್ ಮಾಡಿದರೂ ವಿಎಫ್‌ಡಿಯ ಕೆಪಾಸಿಟರಿನಲ್ಲಿ ಸುಮಾರು ಹೊತ್ತು ಕರೆಂಟ್ ಉಳೀತದೆ, ತಕ್ಷಣ ಕೈ ಹಾಕಬಾರದು (ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಫ್ರೆಂಡ್ಸ್, ಇದನ್ನು ಎರಡು ಸಲ ಓದಿ). ಮತ್ತೆ ಅದೇ ಕೆಂಪು ವಯರನ್ನು ಬೋರ್ಡಿನಿಂದ ತೆಗೆದು ಲೇತಿನ ಆ ತುದಿಯಲ್ಲಿ, ಸ್ವಿಚ್ಚಿನ ಜಾಗದಲ್ಲಿ ಹಾಕಿದರು. ಟೂಲ್ ಬಿಚ್ಚಿ, ಮಾವನ ಕೈಯನ್ನು ಎಮರ್ಜೆನ್ಸಿ ಬಟನ್ ಮೇಲೆ ಇಡಿಸಿ ಸ್ಪಿಂಡಲ್ ಓಡಿಸಿದರು. ಅಲಾರಂ ಬಂತು!

ಲೆಕ್ಕ ನೋಡಿ. ಜಂಪರ್ ಬೋರ್ಡಿನ ಹತ್ತಿರ ಇದ್ದಾಗ ಅಲಾರಂ ಇಲ್ಲ, ಅಂದರೆ ಬೋರ್ಡ್ ಸರಿ ಉಂಟು. ಸ್ವಿಚ್ಚೇ ಇಲ್ಲದಿದ್ದರೂ ಅಲಾರಂ, ಅಂದರೆ ಸ್ವಿಚ್ ಕಳ್ಳ ಅಲ್ಲ. ಉಳಿದದ್ದು ನಡುವಿನ ಕೇಬಲ್. ಐದು ನಿಮಿಷದ ಕೆಲಸ. ನಾವು ಮೂರು ಬಿಲ್ ಕೊಟ್ಟಿದ್ದೆವು.

ಆ ಕೇಬಲ್ ಮಾಮೂಲಿ ತೆಳ್ಳಗಿನದು, 5 ವೋಲ್ಟಿನದು. ಅದನ್ನು ಸ್ಪಿಂಡಲ್ ಮೋಟಾರಿನ ಕೇಬಲ್ ಜೊತೆ ಒಂದೇ ಪಟ್ಟಿಯಲ್ಲಿ ಚಂದ ಕಟ್ಟಿ ತಂದಿದ್ದರು. ವಿಎಫ್‌ಡಿ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಮೋಟಾರಿಗೆ ಕೊಡ್ತದೆ, ಆ ಗಲಾಟೆ ಪಕ್ಕದ ವಯರಿಗೂ ಹಾರ್ತದೆ. ಅವರು ಒಂದೊಂದೇ ಬದಲಿಸಿ ನೋಡಿದರು. ಸಿಗ್ನಲ್ ಕೇಬಲನ್ನು ಬೇರೆ ದಾರಿಯಲ್ಲಿ ತಂದಾಗ ಅಲಾರಂ ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಮಲ್ಟಿಮೀಟರಿನಲ್ಲಿ ಬೆಡ್ ಮತ್ತು ಪ್ಯಾನೆಲ್ಲಿನ ಅರ್ಥ್ ನಡುವೆ ನೋಡಿದರೆ ಸಂಪರ್ಕವೇ ಇಲ್ಲ. ಮೂರನೇ ಫೋಟೋ ಅದೇ. ಅರ್ಥ್ ವಯರ್ ಉಂಟು, ಬೋಲ್ಟ್ ಉಂಟು, ಆದರೆ ಬೋಲ್ಟ್ ಕೂತದ್ದು ಹಸಿರು ಪೇಂಟಿನ ಮೇಲೆ. ಪೇಂಟ್ ಕರೆಂಟ್ ಬಿಡುತ್ತದಾ? ಕೆರೆದು ಬಿಗಿ ಮಾಡಿದ ಮೇಲೆ ಅಲಾರಂ ನಿಂತಿತು. ಅಷ್ಟು ದಿನ ನಾವೆಲ್ಲ ಅರ್ಥ್ ಇಲ್ಲದ ಲೇತ್ ಮುಟ್ಟುತ್ತಿದ್ದೆವು, ಅದು ಮತ್ತೂ ಹೆದರಿಕೆ.

ಆಮೇಲೆ ಶೀಲ್ಡ್ ಇರುವ ಕೇಬಲ್ ಹಾಕಿದರು, ಸಿಗ್ನಲಿನ ಶೀಲ್ಡನ್ನು ಪ್ಯಾನೆಲ್ ಬದಿ ಮಾತ್ರ ಅರ್ಥ್ ಮಾಡಿ. ಲಿಮಿಟ್ ಲೈನನ್ನು 24 ವೋಲ್ಟಿಗೆ ಏರಿಸಿದರು.

(3/3)

ಈಗ ನಾನು ಹೇಳಬೇಕಾದ್ದು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೇವೆ, ಅಲ್ವಾ? ತಪ್ಪು ಹುಡುಕುವವರೆಗೆ ಮಾತ್ರ. ಅದನ್ನೇ ಫೈನಲ್ ಮಾಡಿ ಸಹಿ ಹಾಕಿದರೆ ಯಾವ ಸರ್ ಬಿಡ್ತಾರೆ? ಅದೇ ಕೆಂಪು ವಯರಿನಿಂದ ಹಿರಿಯರು ತಪ್ಪು ಹುಡುಕಿದರು, ನಾವು ತಪ್ಪು ಮುಚ್ಚಿದೆವು.

ಮಾವನಿಗೆ ನಾನು ಬೈಯುವುದಿಲ್ಲ, ಆರ್ಡರಿನ ಒತ್ತಡ ನನ್ನ ಪುಸ್ತಕದಲ್ಲೇ ಕಾಣ್ತದೆ. ನನ್ನ ಸಿಟ್ಟು ಆ ಕೊಟೇಶನ್ ಮೇಲೆ. ಮೋಟಾರ್, ಡ್ರೈವ್, ಬಾಲ್ ಸ್ಕ್ರೂ ಎಲ್ಲದಕ್ಕೂ ಬೇರೆ ಬೇರೆ ರೇಟ್ ಇತ್ತು. ವಯರಿಂಗ್ ಎಲ್ಲಿ ಅಂತ ಹುಡುಕಿದರೆ ಕೊನೆಯಲ್ಲಿ "ಇತರೆ". ಇತರೆಯಲ್ಲಿ ಇರುವ ಕೆಲಸಕ್ಕೆ ಯಾರೂ ಡ್ರಾಯಿಂಗ್ ಕೊಡುವುದಿಲ್ಲ, ವಯರಿಗೆ ನಂಬರ್ ಹಾಕುವುದಿಲ್ಲ. ನಮ್ಮ ಪ್ಯಾನೆಲ್ಲಿನಲ್ಲಿ ಎಲ್ಲ ವಯರೂ ಕಪ್ಪು! ನಮ್ಮ ಊರಿನ ವರ್ಕ್‌ಶಾಪಿನವರು ಹಳೆ ಲೇತಿಗೆ ಕಂಪ್ಯೂಟರ್ ಕೂರಿಸುವುದಾದರೆ ವಯರಿಂಗಿಗೆ ಬೇರೆಯೇ ಸಾಲು ಬರೆಸಿ, ಅದಕ್ಕೆ ಸರಿಯಾದ ದುಡ್ಡೂ ಕೊಡಿ. ಡ್ರಾಯಿಂಗ್ ಕೈಗೆ ಬಂದ ಮೇಲೆಯೇ ಕೊನೆಯ ಕಂತು. ವೋಚರ್ ಇಲ್ಲದ ಖರ್ಚನ್ನು ಒಪ್ಪದವರು ನಂಬರ್ ಇಲ್ಲದ ವಯರನ್ನು ಯಾಕೆ ಒಪ್ಪಬೇಕು?

ಕೊನೆಯ ಫೋಟೋ ಭಾನುವಾರದ್ದು. ನಾನು ಮತ್ತು ಮಾವ ಕೂತು ಒಂದೊಂದೇ ವಯರ್ ಹಿಡಿದು ನಂಬರ್ ಅಂಟಿಸಿ, ನನ್ನ ಲೆಡ್ಜರ್ ಹಾಳೆಯಲ್ಲಿ ಬರೆದದ್ದು. ಎಲ್ಲಿಂದ, ಎಲ್ಲಿಗೆ, ಎಷ್ಟು ವೋಲ್ಟ್. 37 ಸಿಕ್ಕಿತು. 14ನೆಯದ್ದು ಪ್ಯಾನೆಲ್ಲಿನಿಂದ ಹೊರಟು ಬೆಡ್ಡಿನ ಕೆಳಗೆ ಹೋಗ್ತದೆ, ಆ ಕಡೆ ಎಲ್ಲಿ ಬರ್ತದೆ ಅಂತ ಇನ್ನೂ ಸಿಕ್ಕಿಲ್ಲ. ಬರುವ ಭಾನುವಾರ ಟಾರ್ಚ್ ಹಿಡಿಯಲು ಯಾರಾದ್ರೂ ಬರ್ತೀರಾ? ಚಹಾ, ಗೋಳಿಬಜೆ ಮಾವನ ಲೆಕ್ಕದಲ್ಲಿ.