ಪುಕ್ಕಟ ಸಿನೆಮಾಕ್ಕ ಮನಿ ಕದಾ ತೆರೀಬ್ಯಾಡ್ರಿ

ಪುಕ್ಕಟ ಸಿಕ್ರ ನನಗೊಂದು, ನಮ್ಮಪ್ಪಗೊಂದು ಅನ್ನೋ ಮಂದಿ ನಾವು. ಟೊರೆಂಟಿನ್ಯಾಗ ಹೊಸಾ ಸಿನೆಮಾ ಬಂತಂದ್ರ ರಾತ್ರಿಯೆಲ್ಲಾ ಕಂಪ್ಯೂಟರ್ ಚಾಲೂ ಇರಬೇಕು. ಹುಷಾರಪಾ ಅಂದ್ರ ಸಿಗೋ ಉತ್ತರ ಒಂದೇ: “ನಮ್ಮ ಕಂಪ್ಯೂಟರಿನ್ಯಾಗ ಕಳ್ಳಗ ಸಿಗೂದರ ಏನದ ಬಿಡ್ರಿ!”

ಏನದ? ಅಪ್ಪನ ಪ್ಯಾನ್ ಕಾರ್ಡ್, ಅವ್ವನ ಆಧಾರ್, ಪಾಸ್‌ಬುಕ್ಕಿನ ಸ್ಕ್ಯಾನ್, ತಂಗಿ ಮಾರ್ಕ್ಸ್ ಕಾರ್ಡ್, ಬ್ರೌಸರ್ ನೆನಪಿಟ್ಟ ಪಾಸ್‌ವರ್ಡ್. ಹಿಂದಕ ಟ್ರಂಕಿನ್ಯಾಗ ಕೀಲಿ ಹಾಕಿ ಇಡತಿದ್ದದ್ದೆಲ್ಲಾ ಈಗ ಅಲ್ಲೇ ಅದ. ಸಿನೆಮಾದ ಆಸೆ ಒಬ್ಬಂದು, ಅಪಾಯ ಮನಿಮಂದಿಗೆಲ್ಲಾ.

2008ರಾಗ ಅಮೆರಿಕಾದ ವರ್ಜೀನಿಯಾದಿಂದ ಒಂದು ಸುದ್ದಿ ಬಂತು. ಹಣಕಾಸಿನ ಕಂಪನಿಯ ನೌಕರನೊಬ್ಬ ಆಫೀಸಿನ ಕಂಪ್ಯೂಟರಿಗೆ ಫೈಲ್ ಹಂಚಿಕೊಳ್ಳೋ ಲೈಮ್‌ವೈರ್ ಹಾಕ್ಕೊಂಡಿದ್ದ. ಅದರ ಜೋಡಿ ಕಂಪನಿಯ ಫೈಲೂ ಹಂಚಿಕಿ ಆದ್ವು. ಸುಮಾರು 2000 ಗಿರಾಕಿಗಳ ಹುಟ್ಟಿದ ತಾರೀಖು, ಸೋಶಿಯಲ್ ಸೆಕ್ಯುರಿಟಿ ನಂಬರ್ ಹೊರಗ ಬಿದ್ವು. ಅವರೊಳಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರೂ ಒಬ್ರು. ತಪ್ಪು ಯಾರದು, ಪೆಟ್ಟು ಯಾರಿಗೆ ನೋಡ್ರಿ.

“ಟೊರೆಂಟ್ ಹಂಗಲ್ಲ, ನಾವು ಕೊಟ್ಟ ಫೈಲಷ್ಟೇ ಹೋಗತದ, ಬಂದ ತುಣುಕನ್ನೂ ಅದು ತಾಳೆ ನೋಡತದ” ಅಂತ ಶಾಣ್ಯಾರು ವಾದಾ ಮಾಡ್ತಾರ. ಖರೇನ. ಆದ್ರ ಆ ತಾಳೆ ಹೇಳೂದು ಇಷ್ಟೇ: ಮೊದಲು ಇಟ್ಟಾಂವ ಏನಿಟ್ಟಿದ್ದನೋ ಅದೇ ನಿಮಗ ಮುಟ್ಟೇದ. ಅಂವ ವಿಷಾ ಇಟ್ಟಿದ್ರ ಒಂದು ಹನಿ ಕಡಿಮಿ ಇಲ್ಲಧಂಗ ವಿಷಾನ ಮುಟ್ಟತದ.

ಇನ್ನ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಎಷ್ಟೋ ಸಲ ಅದರ ಜೋಡಿ ಒಂದು ಸೂಚನಾನೂ ಬರತದ: “ಮೊದಲು ಆಂಟಿವೈರಸ್ ಬಂದ್ ಮಾಡ್ರಿ.” ಅಲ್ರೀ, ನಾಯಿ ಹೊರಗ ಓಡಸ್ರಿ, ಆಮ್ಯಾಲ ಒಳಗ ಬರ್ತೀನಿ ಅಂದಾಂವಗ ಚಹಾ ಕೊಡತೀರೇನು? ಸ್ಟಾಪ್ ಅನ್ನೋ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಹಿಂಥಾ ಕ್ರ್ಯಾಕ್‌ಗಳ ಬೆನ್ನ ಹತ್ತೇ. ಫೈಲಿಗೆಲ್ಲಾ ಬೀಗಾ ಜಡದು 980 ಡಾಲರ್ ಕೇಳತಿತ್ತು. ಮೂರು ದಿನದೊಳಗ ಕೊಟ್ರ ಅರ್ಧಾ ಅಂತ ರಿಯಾಯತಿ ಬ್ಯಾರೆ!

ಟೊರೆಂಟ್ ಅನ್ನೂದೇ ಪಾಪ ಅಲ್ಲ. ಉಬುಂಟು, ಡೆಬಿಯನ್ ಮಾಡೋರು ತಮ್ಮ ಜಾಲತಾಣದಾಗ ತಾವೇ ಟೊರೆಂಟ್ ಕೊಡತಾರ. ಇಟ್ಟಾಂವ ಯಾರಂತ ಗೊತ್ತದ. ನನ್ನ ತಕರಾರು ಹೆಸರಿಲ್ಲದಾಂವ ಕೊಟ್ಟ ಗಂಟಿನ ಬಗ್ಗೆ. ಅದು ಬೇಕೇ ಬೇಕನ್ನೋರು ಮನಿ ಕಾಗದಪತ್ರ ಇರೋ ಕಂಪ್ಯೂಟರ್ ಬಿಟ್ಟು ಬ್ಯಾರೆ ದಾರಿ ನೋಡಿಕೊಳ್ಳಲಿ. ಸಿನೆಮಾ ನೋಡಿದಾಂವ ನಾಳೆ ಅದನ್ನ ಮರೀತಾನ. ಅವ್ವಗ ಆಧಾರ್ ನಂಬರ್ ಇರೂದು ಜನ್ಮಕ್ಕ ಒಂದೇ.