ರಸ್ತೆ ಹಾಕಿದ್ದಾಯ್ತು, ನೋಡ್ಕೊಳ್ಳೋರು ಯಾರು?

ನಮ್ಮ ಸಾಫ್ಟ್‌ವೇರ್ ಫೀಲ್ಡಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತು. ಹೊಸ ಆ್ಯಪ್ ರಿಲೀಸ್ ಆದ ದಿನ ಕೇಕ್ ಕಟ್ ಮಾಡ್ತಾರೆ. ಅದು ಮೂರು ವರ್ಷ ಕೆಡದ ಹಾಗೆ ನೋಡ್ಕೊಳ್ಳೋ ಸಪೋರ್ಟ್ ಟೀಮಿಗೆ ಯಾರೂ ಕೇಕ್ ತರಲ್ಲ. ಹಳ್ಳಿ ರಸ್ತೆಗಳ ಕತೆಯೂ ಇದೇ. ಗುದ್ದಲಿ ಪೂಜೆಗೆ ಶಾಮಿಯಾನ, ಹಾರ, ಫೋಟೊ ಎಲ್ಲಾ ಇರುತ್ತೆ. ಎರಡು ಮಳೆಗಾಲ ಕಳೆದ ಮೇಲೆ ಬಿದ್ದ ಗುಂಡಿಗೆ ಮಾತ್ರ ವಾರಸುದಾರರೇ ಇಲ್ಲ.

ಆ ಗುಂಡಿ ಮುಚ್ಚೋ ಕೆಲಸದಿಂದಲೇ ಬಡತನ ಕಡಿಮೆ ಮಾಡಬಹುದು ಅಂದ್ರೆ ನಂಬ್ತೀರಾ? ಬಾಂಗ್ಲಾದೇಶದಲ್ಲಿ ಅದನ್ನ ಮಾಡಿ ತೋರಿಸಿದ್ದಾರೆ.

1983ರಲ್ಲಿ ಕೇರ್ ಅನ್ನೋ ಸಂಸ್ಥೆ ಕೆನಡಾದ ನೆರವಿನಿಂದ ಅಲ್ಲಿ ಗ್ರಾಮೀಣ ರಸ್ತೆ ನಿರ್ವಹಣೆಯ ಕಾರ್ಯಕ್ರಮ ಶುರು ಮಾಡಿತು. ಅಲ್ಲಿನ ಹಳ್ಳಿ ರಸ್ತೆಗಳು ಆಗ ಹೆಚ್ಚಾಗಿ ಮಣ್ಣಿನ ಏರಿಗಳು. ಪ್ರತಿ ಮಳೆಗಾಲದಲ್ಲೂ ಅಂಚು ಕೊಚ್ಚಿಹೋಗೋದು, ನಡುವೆ ನೀರು ನಿಲ್ಲೋದು ಮಾಮೂಲಿ. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ ಅಲ್ಲಿ ಯೂನಿಯನ್ ಇದೆ. ಒಂದೊಂದು ಯೂನಿಯನ್ನಿಗೆ ಹತ್ತು ಜನ ಹೆಂಗಸರ ತಂಡ. ಯಾರು ಅವರು? ಗಂಡ ತೀರಿಕೊಂಡವರು, ಗಂಡ ಬಿಟ್ಟುಹೋದವರು, ಒಬ್ಬರೇ ದುಡಿದು ಮಕ್ಕಳನ್ನು ಸಾಕಬೇಕಾದವರು.

ಕೆಲಸ ಸರಳ. ಗುದ್ದಲಿ, ಬುಟ್ಟಿ ಹಿಡಿದು ಕೊರಕಲಿಗೆ ಮಣ್ಣು ತುಂಬಬೇಕು, ಗಟ್ಟಿ ಮಾಡಬೇಕು, ನೀರು ಪಕ್ಕಕ್ಕೆ ಹರಿಯೋ ಹಾಗೆ ರಸ್ತೆಯ ನಡುಭಾಗ ಎತ್ತರ ಮಾಡಬೇಕು. ಬಿಸಿಲಲ್ಲಿ ಮಾಡೋ ಕಷ್ಟದ ಕೆಲಸ, ಕೂಲಿಯೂ ಜಾಸ್ತಿ ಇರಲಿಲ್ಲ. ಆದರೆ ವರ್ಷವಿಡೀ ಸಿಗ್ತಿತ್ತು. ಸುಗ್ಗಿ ಮುಗಿದ ಮೇಲೆ ಏನಪ್ಪಾ ಗತಿ ಅನ್ನೋ ಚಿಂತೆ ಇರಲಿಲ್ಲ.

ಆಮೇಲೆ ಇದಕ್ಕೆ ಇನ್ನೊಂದು ನಿಯಮ ಸೇರಿಸಿದರು. ಒಬ್ಬರಿಗೆ ನಾಲ್ಕು ವರ್ಷ ಮಾತ್ರ ಕೆಲಸ. ಕೂಲಿಯ ಒಂದು ಭಾಗ ಕಡ್ಡಾಯವಾಗಿ ಉಳಿತಾಯಕ್ಕೆ. ಜೊತೆಗೆ ಲೆಕ್ಕ, ಸಣ್ಣ ವ್ಯಾಪಾರದ ತರಬೇತಿ. ನಾಲ್ಕು ವರ್ಷ ಆದಾಗ ಕೈಯಲ್ಲಿ ಒಂದಿಷ್ಟು ದುಡ್ಡು, ಕೋಳಿಯೋ ಆಡೋ ಅಂಗಡಿಯೋ ಅಂತ ಒಂದು ದಾರಿ. ಕೆಲಸ ಬಿಟ್ಟು ಮೂರು ವರ್ಷ ಆದಮೇಲೆ ವಿಚಾರಿಸಿದಾಗಲೂ ಹೆಚ್ಚಿನವರು ಸ್ವಂತ ದುಡಿಮೆಯಲ್ಲೇ ಇದ್ದರು.

ಈಗ ನಮ್ಮ ಕಡೆ ನೋಡಿ. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯ್ತು. ಲಕ್ಷಾಂತರ ಕಿಲೋಮೀಟರ್ ರಸ್ತೆ ಆಗಿದೆ, ಅದು ಸಣ್ಣ ಮಾತಲ್ಲ. ಆದರೆ ಸ್ಯಾಮ್ ಆಷರ್ ಮತ್ತು ಪಾಲ್ ನೊವೊಸಾದ್ ಅನ್ನೋ ಅರ್ಥಶಾಸ್ತ್ರಜ್ಞರು ಈ ರಸ್ತೆಗಳ ಬಗ್ಗೆ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಸ್ತೆ ಬಂದ ಮೇಲೆ ಜನ ಹೊಲದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗೋದು ಹೆಚ್ಚಾಯ್ತು. ಊರಿನ ಬೇಸಾಯ, ಆದಾಯ, ಆಸ್ತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಅಂದ್ರೆ ರಸ್ತೆ ಊರಿಂದ ಹೊರಗೆ ಹೋಗೋಕೆ ದಾರಿ ಮಾಡಿಕೊಡುತ್ತೆ, ಊರಲ್ಲೇ ಉಳಿಯೋರಿಗೆ ತಾನಾಗಿ ದುಡಿಮೆ ತಂದುಕೊಡಲ್ಲ.

ಉಳಿಯೋರು ಯಾರು? ಹೆಚ್ಚಾಗಿ ವಯಸ್ಸಾದವರು, ಚಿಕ್ಕ ಮಕ್ಕಳಿರೋ ತಾಯಂದಿರು. ಬೈಕ್ ಹತ್ತಿ ಪಟ್ಟಣಕ್ಕೆ ಕೆಲಸಕ್ಕೆ ಹೋಗೋಕಾಗದವರು. ಹತ್ತು ಜನರ ತಂಡದಂಥ ಕೆಲಸ ಬೇಕಿರೋದು ಇವರಿಗೇ.

ಸಡಕ್ ಯೋಜನೆಯ ರಸ್ತೆಯನ್ನ ಮೊದಲ ಐದು ವರ್ಷ ಗುತ್ತಿಗೆದಾರರೇ ನೋಡಿಕೊಳ್ಳಬೇಕು ಅನ್ನೋ ಷರತ್ತಿದೆ. ಆಮೇಲೆ ಅದು ರಾಜ್ಯದ ಹೊಣೆ. ಡಾಂಬರು ಹಾಕೋದಕ್ಕೆ ಯಂತ್ರ ಬೇಕು, ಒಪ್ಪೋಣ. ಚರಂಡಿಯ ಹೂಳು ತೆಗೆಯೋದಕ್ಕೆ, ಮೋರಿ ಕಟ್ಟದ ಹಾಗೆ ನೋಡೋದಕ್ಕೆ, ರಸ್ತೆ ಅಂಚಿಗೆ ಮಣ್ಣು ಹಾಕೋದಕ್ಕೆ ಜೆಸಿಬಿ ಯಾಕೆ ಬೇಕು? ರಸ್ತೆಯನ್ನ ಹಾಳು ಮಾಡೋದು ಮುಖ್ಯವಾಗಿ ನಿಂತ ನೀರು. ಅದನ್ನ ಹರಿಯಬಿಡೋಕೆ ಅದೇ ಊರಿನ ಕೈಗಳು ಸಾಕು. ಜೆಸಿಬಿ ಬಾಡಿಗೆ ಅವತ್ತೇ ಸಂಜೆ ಊರು ಬಿಟ್ಟು ಹೋಗುತ್ತೆ. ಕೂಲಿ ದುಡ್ಡು ಊರಿನ ಅಂಗಡಿಗೆ, ಮಕ್ಕಳ ಪುಸ್ತಕಕ್ಕೆ ಹೋಗುತ್ತೆ.

ನಮ್ಮಲ್ಲಿ ತುಂಬಾ ಜನಕ್ಕೆ ಊರಿನ ನಂಟು ಇನ್ನೂ ಇದೆ. ಊರಿನ ವಾಟ್ಸಾಪ್ ಗ್ರೂಪಲ್ಲಿ ಗುಂಡಿ ಫೋಟೊ ಹಾಕಿ ಬೈಯೋದು ಸುಲಭ. ಅದರ ಬದಲು ಹಬ್ಬಕ್ಕೆ ಹೋದಾಗ ಪಂಚಾಯಿತಿಯಲ್ಲಿ ಮೂರು ಪ್ರಶ್ನೆ ಕೇಳಿ ನೋಡಿ. ಈ ರಸ್ತೆಗೆ ಐದು ವರ್ಷ ತುಂಬೋದು ಯಾವಾಗ? ಆಮೇಲೆ ನಿರ್ವಹಣೆಗೆ ಎಷ್ಟು ದುಡ್ಡು ಇಟ್ಟಿದ್ದೀರಿ? ಅದರಲ್ಲಿ ಊರಿನವರ ಕೂಲಿ ಎಷ್ಟು?

ಮೂರನೇದಕ್ಕೆ ಏನು ಉತ್ತರ ಬರುತ್ತೆ ಅಂತ ನಂಗೂ ಬರೆದು ತಿಳಿಸಿ.